ಸತ್ತು ಬೀಳಲು ಒಲ್ಲದ ಇಲಿರಾಯರಿಗೆ

ಬೇವಿನ ಗಿಡದ ಹೊಲದ ಗುಡಿಸಲು,
ಮೇಲವಂಕಿಯ ಹಾದಿ, ತಾಲೂಕು ಗೋಕಾಕ.
ಫಾಲ್ಗುಣ ಮಾಸ, ಇಸವಿ ೧೯೧೩.

ನನ್ನ ಊರ ಮನೆಯ ಪೂರ್ವದ ಗೋಡೆ, ಮಾಳಿಗೆಯ ತೊಲೆ ಮತ್ತು ಜೋಳದ ಕಣಜದ ಬುಡ, ಈ ಮೂರೂ ಕಡೆ ಬಾಡಿಗೆಯಿಲ್ಲದೆ ವಾಸವಾಗಿರುವ ಇಲಿರಾಯರ ಸಮಸ್ತ ಬಳಗಕ್ಕೆ.

ಮಾನ್ಯರೇ,

ಇತ್ತ ಹೊಲದ ಗುಡಿಸಲಿನಲ್ಲಿ ನಾವು ಏಳು ಮಂದಿಯೂ ಕ್ಷೇಮವಾಗಿದ್ದೇವೆ. ಅತ್ತ ತಾವೂ ತಮ್ಮ ಮಕ್ಕಳು ಮೊಮ್ಮಕ್ಕಳೂ ಕ್ಷೇಮವಾಗಿರುವಿರೆಂಬ ಸುದ್ದಿ ತಿಳಿದು ನನಗೆ ಬಹಳ ಬೇಸರವಾಗಿದೆ. ಈ ಪತ್ರ ಬರೆಯುವ ಕಾರಣವೇ ತಮ್ಮ ಆ ಕ್ಷೇಮ. ಹೋದ ವರ್ಷ ದಸರೆಯ ಮರುದಿನವೇ ಪಟಪಟನೆ ಬಿದ್ದು ಸತ್ತ ತಾವು, ಈ ವರ್ಷ ದಸರೆ ಹೋಗಿ ದೀಪಾವಳಿ ಬಂದರೂ, ದೀಪಾವಳಿ ಹೋಗಿ ಛಳಿ ಬಂದರೂ, ಒಬ್ಬರಾದರೂ ಬೀಳದೆ ಗಟ್ಟಿಮುಟ್ಟಾಗಿ ತಿರುಗಾಡಿದ್ದರಿಂದ, ಅರವತ್ತೆರಡು ವರ್ಷದ ನನ್ನ ಮಾನ ಊರ ಚಾವಡಿಯಲ್ಲಿ ಹೋಯಿತು. ಅದರ ವಿವರವನ್ನು ತಾವು ಕಿವಿ ನಿಮಿರಿಸಿ ಕೇಳಬೇಕಾಗಿ ಕೋರಿಕೆ.

ನಾನು ಶೆಟ್ಟೆಪ್ಪ. ಕನ್ನಡ ಎರಡನೇ ಇಯತ್ತೆಯ ತನಕ ಸಾಲಿ ಕಲಿತವನು. ಮಾಸ್ತರರು ವಿನಾಕಾರಣ ಕಿವಿ ಹಿಂಡಿದರೆಂದು ಪಾಟಿಯನ್ನು ಅವರ ಕಾಲಿನ ಮೇಲೆ ಹಾಕಿ ಹೊರಗೆ ಬಂದವನು ಮತ್ತೆ ಒಳಗೆ ಹೋಗಲಿಲ್ಲ. ಆದ್ದರಿಂದ ಅಕ್ಷರದಲ್ಲಿ ತಪ್ಪಿದ್ದರೆ ತಾವು ಕ್ಷಮಿಸಬೇಕು, ಮಾತಿನಲ್ಲಿ ತಪ್ಪಿದ್ದರೆ ಕ್ಷಮಿಸುವ ಅವಶ್ಯಕತೆ ಇಲ್ಲ. ನಮ್ಮ ಅಜ್ಜ ಕುರಿಗಳ ಹಿಂದೆ ಹೋಗಿ ಬಯಲಲ್ಲಿ ಮಲಗಿ ಎಂಬತ್ತು ವರ್ಷ ಬದುಕಿದ, ಒಂದು ದಿನವೂ ಕೆಮ್ಮಲಿಲ್ಲ. ನಮ್ಮಪ್ಪ ಕುರಿ ಮಾರಿ ನಾಲ್ಕು ಎಕರೆ ಹೊಲ ಮಾಡಿದ. ನಾನು ಒಬ್ಬ ಶಾಣ್ಯಾ ಹುಟ್ಟಿದೆ, ಮನೆ ಕಟ್ಟಿಸಿದೆ.

ಆ ಮನೆಯ ವರ್ಣನೆಯನ್ನು ಅದರಲ್ಲೇ ಹುಟ್ಟಿ ಬೆಳೆದ ತಮಗೆ ಮಾಡುವುದು ಅಧಿಕಪ್ರಸಂಗವೇ ಸರಿ. ಆದರೂ ಈ ಪತ್ರವನ್ನು ಸಾಲಿ ಮಾಸ್ತರರು ಚಾವಡಿಯಲ್ಲಿ ಗಟ್ಟಿಯಾಗಿ ಓದುವವರಿರುವುದರಿಂದ, ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೂತ ಊರ ಹಿರಿಯರಿಗಾಗಿ ಹೇಳುತ್ತೇನೆ. ಮಣ್ಣಿನ ಗೋಡೆ ಎರಡು ಮೊಳ ದಪ್ಪ. ಬಾಗಿಲು ಒಂದು. ಕಿಟಕಿ ಇಲ್ಲ, ಏಕೆಂದರೆ ಕಿಟಕಿ ಇಟ್ಟವನ ಮನೆಗೆ ಕಳ್ಳ ಬರುತ್ತಾನೆಂದು ನಾನೇ ಗೌಂಡಿಯ ಜೊತೆ ಜಗಳ ಮಾಡಿದೆ. ಬಾಗಿಲು ದಾಟಿದರೆ ತಗ್ಗಿನಲ್ಲಿ ಎರಡು ಎತ್ತು, ಒಂದು ಎಮ್ಮೆ, ನಾಲ್ಕು ಆಡು. ಎರಡು ಮೆಟ್ಟಿಲು ಏರಿದರೆ ನಾವು. ನಮ್ಮ ಎಡಕ್ಕೆ ಕಂಬಳಿ ನೇಯುವ ಮಗ್ಗ, ಬಲಕ್ಕೆ ಹಿಂಜಿದ ಉಣ್ಣೆಯ ರಾಶಿ, ಹಿಂದೆ ಒಲೆ. ಈ ಎಲ್ಲದರ ಮೇಲೆ ಮಾಳಿಗೆಯಲ್ಲಿ ಒಂದೇ ಒಂದು ಬೆಳಕಿಂಡಿ ಇತ್ತು. ಅದನ್ನೂ ನಾನು ಆರು ವರ್ಷದ ಹಿಂದೆ ಚಪ್ಪಡಿ ಕಲ್ಲು ಎಳೆದು ಮುಚ್ಚಿದೆ, ಏಕೆಂದರೆ ಬಾಜೂ ಮನೆಯ ಬೆಕ್ಕು ಅದರೊಳಗಿಂದ ಇಳಿದು ಹಾಲು ಕುಡಿಯುತ್ತಿತ್ತು. ಹಾಲು ಉಳಿಯಿತು, ಮತ್ತು ತಾವು ಉಳಿದಿರಿ. ಆ ಕಲ್ಲಿನ ಪುಣ್ಯದಿಂದ ತಮ್ಮ ವಂಶ ನಮ್ಮ ಕಣಜದ ಬುಡದಲ್ಲಿ ಎಷ್ಟು ಬೆಳೆಯಿತೆಂಬುದನ್ನು ತಾವು ಮರೆಯಬಾರದು. ಆ ಋಣದ ಮೇಲೆಯೇ ಇವತ್ತು ತಮ್ಮನ್ನು ಮಾತಾಡಿಸುತ್ತಿದ್ದೇನೆ.

ಬೆಳಕಿಂಡಿ ಮುಚ್ಚಿದ ವರ್ಷವೇ ನನ್ನ ಮಗ ಪರಸಪ್ಪನಿಗೆ ಹೆಣ್ಣು ಮಗು ಹುಟ್ಟಿತು. ಹೆಸರು ಮಾಯವ್ವ. ಎರಡು ವರ್ಷ ತುಂಬುವುದರೊಳಗೆ ಆಕೆಗೆ ದಮ್ಮು ಹತ್ತಿತು. ಎದೆಯಲ್ಲಿ ಕಡಜ ಗೂಡು ಕಟ್ಟಿದಂತೆ ಸುಂಯ್ ಸುಂಯ್ ಸಪ್ಪಳ, ಹೆಗಲು ಕಿವಿಯ ತನಕ ಏರುವುದು, ಮಲಗಲಿಕ್ಕೆ ಬಾರದು, ಗೋಡೆಗೆ ಆತು ಕೂತೇ ಬೆಳಗು ಮಾಡುವುದು. ಆಕೆಗೆ ಮಾತೂ ತುಂಡು ತುಂಡು. "ಅಜ್ಜಾ" ಎಂದು ಒಮ್ಮೆ ನಿಲ್ಲಬೇಕು, "ನೀರು" ಎಂದು ಇನ್ನೊಮ್ಮೆ ನಿಲ್ಲಬೇಕು, "ಕೊಡು" ಎಂಬುದು ಬರುವುದರೊಳಗೆ ನಾನು ಕೊಟ್ಟಿರುತ್ತಿದ್ದೆ. ಹೀಗಾಗಿ ಆರು ವರ್ಷದ ಹುಡುಗಿ ಊರಲ್ಲೆಲ್ಲ ಬಹಳ ಮೌನಿ, ಬಹಳ ಗುಣವಂತೆ ಎಂದು ಹೆಸರಾಗಿದ್ದಳು. ಗುಣವಲ್ಲ ಅದು, ಉಸಿರಿನ ಬಡತನ.

ನಾವು ಕೈ ಕಟ್ಟಿ ಕೂರಲಿಲ್ಲ. ಆಡುಸೋಗೆಯ ಕಷಾಯ ಆಯಿತು, ತಾಯತ ಆಯಿತು, ಬೀರದೇವರ ಗುಡಿಯ ಅರಿಸಿನ ಭಂಡಾರ ಹಣೆಗೂ ಎದೆಗೂ ಆಯಿತು. ಕೌಜಲಗಿಯ ಸಂತೆಯಲ್ಲಿ ಒಬ್ಬ ಮುದುಕ ಎದೆಗೆ ಬರೆ ಹಾಕಿಸೆಂದ, ಅವನಿಗೆ ನಾನೇ ಬರೆ ಹಾಕುವವನಿದ್ದೆ, ಮಂದಿ ಬಿಡಿಸಿದರು. ಗೋಕಾಕದಲ್ಲಿ ಡಾಕ್ಟರರೊಬ್ಬರು ಆಕೆಯ ಬೆನ್ನಿಗೆ ಕಿವಿ ಹಚ್ಚಿ ಕೇಳಿ, ಮನೆಯಲ್ಲಿ ಗಾಳಿ ಬೆಳಕು ಹ್ಯಾಗೈತಿ ಎಂದು ಕೇಳಿದರು. ನಾನು ಬಹಳ ಹೆಮ್ಮೆಯಿಂದ, "ಒಂದ ಹನಿ ಗಾಳಿ ಒಳಗ ಬರಾಂಗಿಲ್ರಿ ಸಾಹೇಬ್ರ, ಅಷ್ಟ ಬಂದೋಬಸ್ತ್ ಮಾಡೇನಿ" ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ನನಗೆ ಸಿಟ್ಟು ಬಂತು, ಎದ್ದು ಬಂದೆ.

ಆಕೆಗೆ ದಮ್ಮು ಹೆಚ್ಚಾದಾಗೆಲ್ಲ ನಾವು ಮಾಡುತ್ತಿದ್ದ ಉಪಚಾರವನ್ನು ತಾವು ತೊಲೆಯ ಮೇಲಿಂದ ನೋಡಿದ್ದೀರಿ. ಕೂಸಿಗೆ ಛಳಿಯಾಗಬಾರದೆಂದು ಇದ್ದೊಂದು ಬಾಗಿಲು ಮುಚ್ಚುವುದು, ಕುಳ್ಳು ಹಚ್ಚಿ ಲೋಬಾನ ಹಾಕಿ ಹೊಗೆ ಎಬ್ಬಿಸುವುದು, ಹೊಸ ಕಂಬಳಿ ಝಾಡಿಸಿ ತಲೆಯ ತನಕ ಹೊದಿಸುವುದು, ಮೇಲೆ ನಾವು ಆರೂ ಮಂದಿ ಸುತ್ತ ಒತ್ತಿ ಕೂತು ಧೈರ್ಯ ಹೇಳುವುದು. ಅಂಥ ಪ್ರೀತಿಯಿಂದ ಒಂದು ಕೂಸಿನ ಉಸಿರು ಕಟ್ಟಿಸಿದ ಮನೆತನ ಗೋಕಾಕ ತಾಲೂಕಿನಲ್ಲಿ ಬೇರೆ ಇದ್ದರೆ ತೋರಿಸಿಕೊಡಿರಿ.

ಇಂಥದರಲ್ಲಿ ಹೋದ ವರ್ಷ ತಾವು ಬಿದ್ದಿರಿ.

ಊರಲ್ಲಿ ಇಲಿ ಬಿದ್ದರೆ ಮೂರು ದಿನದೊಳಗೆ ಮನೆ ಬಿಟ್ಟು ಹೊಲ ಸೇರಬೇಕೆಂಬುದು ಗಡ್ಡೆ ಬೇನೆ, ಸಾಹೇಬರು ಪ್ಲೇಗು ಎನ್ನುವುದು, ಬಂದಾಗಿನಿಂದ ನಡೆದು ಬಂದ ಪದ್ಧತಿ. ಡಂಗುರ ಹೊಡೆಯುತ್ತಾರೆ, ಎಲ್ಲರೂ ಗಂಟು ಕಟ್ಟುತ್ತಾರೆ, ಜೋಳದ ಕಣಿಕೆಯ ಗುಡಿಸಲು ಹಾಕಿಕೊಂಡು ನಾಲ್ಕು ತಿಂಗಳು ಹೊರಗೆ ಇರುತ್ತಾರೆ. ಹೆಂಗಸರು ಕೋಳಿ ಒಯ್ಯುತ್ತಾರೆ, ಕೊಡ ಒಯ್ಯುತ್ತಾರೆ, ಬಾಗಿಲ ಹಲಗೆಯನ್ನೂ ಕಳಚಿ ಒಯ್ಯುತ್ತಾರೆ. ಬೀಸುಕಲ್ಲು ಮಾತ್ರ ಒಯ್ಯುವುದಿಲ್ಲ. ಬೀಸುಕಲ್ಲು ಎದ್ದರೆ ಮನೆಯೇ ಎದ್ದಂತೆ, ಆಮೇಲೆ ತಿರುಗಿ ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ಜೀವದ ಹೆದರಿಕೆಗೆ ಊರು ಬಿಟ್ಟವರೇ ಹಗಲು ಹೊತ್ತು ಅದೇ ಊರಿಗೆ ಹೋಗಿ ಹಿಟ್ಟು ಬೀಸಿಕೊಂಡು ಬರುತ್ತಾರೆ. ಬೇನೆಗಿಂತ ಬೀಸುಕಲ್ಲು ದೊಡ್ಡದು.

ಹೊಲಕ್ಕೆ ಹೋದ ಎಂಟನೆಯ ದಿನ ಮಾಯವ್ವ ಮಲಗಿ ನಿದ್ದೆ ಮಾಡಿದಳು. ಹದಿನೈದನೆಯ ದಿನ ಆಡಿನ ಮರಿಯ ಹಿಂದೆ ಓಡಿದಳು. ತಿಂಗಳಾಗುವುದರೊಳಗೆ ತನ್ನ ಇಬ್ಬರು ತಮ್ಮಂದಿರಿಗೆ ಬೈಯಲು ಕಲಿತಳು. ನಮ್ಮ ಮನೆಯಲ್ಲಿ ಇದರ ಯಶಸ್ಸಿಗೆ ದೊಡ್ಡ ಹಂಚಾಟವೇ ನಡೆಯಿತು. ನನ್ನ ಹೆಂಡತಿ ಕೆಂಚವ್ವ ಅದು ಭಂಡಾರದ ಗುಣವೆಂದಳು, ಸೊಸೆ ಸತ್ತೆವ್ವ ಕಷಾಯ ಈಗ ಹತ್ತಿತೆಂದಳು, ನಾನು ವಯಸ್ಸಿಗೆ ತಕ್ಕ ಬುದ್ಧಿಯಿಂದ ಅದು ಆಡಿನ ಹಾಲೆಂದೆ. ಶಿವರಾತ್ರಿ ಮುಗಿದು ಡಂಗುರ ಹೊಡೆದರು, ತಾವು ಬೀಳುವುದು ನಿಂತಿತ್ತು, ನಾವು ಭಂಡಾರ, ಕಷಾಯ, ಆಡು, ಮೂರನ್ನೂ ಕಟ್ಟಿಕೊಂಡು ಮನೆಗೆ ಬಂದೆವು. ಮೂರನೆಯ ದಿನ ಎದೆಯಲ್ಲಿ ಮತ್ತೆ ಸುಂಯ್ ಎಂದಿತು.

ಅವತ್ತು ನಾನು ಮೆಟ್ಟಿಲ ಮೇಲೆ ಕೂತು, ಹೊಲದಲ್ಲಿ ಇಲ್ಲದ್ದು ಮನೆಯಲ್ಲಿ ಏನಿದೆಯೆಂದು ಬೆರಳು ಮಡಚಿದೆ. ಭಂಡಾರ ಎರಡೂ ಕಡೆ ಇದೆ. ಹಾಲು ಎರಡೂ ಕಡೆ ಇದೆ. ಒಲೆ ಅಲ್ಲಿ ಹೊರಗಿತ್ತು, ಇಲ್ಲಿ ಒಳಗಿದೆ. ಎಮ್ಮೆ ಅಲ್ಲಿ ಗಿಡದ ಬುಡದಲ್ಲಿತ್ತು, ಇಲ್ಲಿ ನಮ್ಮ ತಲೆದಿಂಬಿನ ಬುಡದಲ್ಲಿದೆ. ಉಣ್ಣೆಯನ್ನು ಅಲ್ಲಿ ಬೇವಿನ ಕೆಳಗೆ ಹಿಂಜುತ್ತಿದ್ದೆವು, ಧೂಳು ಗಾಳಿಗೆ ಹಾರಿ ಹೋಗುತ್ತಿತ್ತು. ಇಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ, ಏಕೆಂದರೆ ನಾನು ಬಂದೋಬಸ್ತು ಮಾಡಿದ್ದೇನೆ. ಕೊನೆಯ ಬೆರಳು ಮಡಚುವಾಗ ತಲೆ ಎತ್ತಿ ಬೆಳಕಿಂಡಿಯ ಕಲ್ಲು ನೋಡಿದೆ. ಅದರ ವಿಷಯ ಇಷ್ಟೇ ಸಾಕು.

ಹೊಲದಲ್ಲೇ ಹೋಗಿ ಇರೋಣ ಎಂದು ನಾನು ಕೆಂಚವ್ವನ ಮುಂದೆ ಹೇಳಿದೆ. ಆಕೆ ಜೋಳ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಏನ್ರಿ, ತಲಿ ನೆಟ್ಟಗೈತೇನ್ರಿ ನಿಮ್ದು? ಇಲಿ ಬೀಳದ ಊರು ಬಿಟ್ಟು ಹೊಲದಾಗ ಹೋಗಿ ಕುಂತ್ರ ಮಂದಿ ಏನಂತಾರ? ಒಂದೋ ಪಂಚರು ಹೊರಗ ಹಾಕ್ಯಾರ ಅಂತಾರ, ಇಲ್ಲಾ ಮನ್ಯಾಗ ಜಗಳಾಗಿ ಪಾಲಾಗ್ಯಾರ ಅಂತಾರ. ಎರಡೂ ಮಾತು ಕೇಳಾಕ ನಾ ತಯಾರಿಲ್ಲ. ಇಲಿ ಬೀಳ್ಲಿ, ಮೊದಲ ಗಂಟು ನಾನ ಕಟ್ತೇನಿ" ಎಂದಳು. ಬೆಳಕಿಂಡಿಯಾದರೂ ತೆಗೆಯೋಣವೆಂದರೆ, "ಬೆಕ್ಕಿನ ಎಂಜಲಾ ಕುಡ್ಯಾಕ ನಾ ಈ ಮನಿಗೆ ಬಂದಿಲ್ಲ" ಎಂದಳು. ಆಕೆಗೆ ಮೊಮ್ಮಗಳ ಮೇಲೆ ಪ್ರೀತಿ ಇಲ್ಲವೆಂದು ತಾವು ತಿಳಿಯಬಾರದು. ಬೆಳಗಿನ ತನಕ ಆಕೆಯ ಬೆನ್ನು ತಿಕ್ಕುತ್ತ ಕೂರುವವಳು ಇವಳೇ. ಆದರೆ ಬೆನ್ನು ತಿಕ್ಕುವುದನ್ನು ಮಂದಿ ನೋಡುವುದಿಲ್ಲ, ಗುಡಿಸಲನ್ನು ನೋಡುತ್ತಾರೆ.

ಅಂದಮೇಲೆ ಎಲ್ಲ ಭಾರ ತಮ್ಮ ಮೇಲೆ ಬಂತು. ದಸರೆಯಿಂದ ದಿನಾಲು ಎದ್ದ ಕೂಡಲೇ ನಾನು ಅಂಗಳ ನೋಡಿದೆ. ಒಬ್ಬರೂ ಇಲ್ಲ. ಕಣಜದ ಸಂದಿಯಲ್ಲಿ ಇಣುಕಿದೆ. ಮೀಸೆ ತಿರುವುತ್ತ ಎದುರಿಗೆ ಕೂತು ನನ್ನನ್ನೇ ನೋಡಿದಿರಿ. ಆಹಾ, ಎಂಥ ಮೈಕಟ್ಟು, ಎಂಥ ಹೊಳಪು! ತಮ್ಮ ಆರೋಗ್ಯವನ್ನು ಸರಕಾರದವರು ನೋಡಿದ್ದರೆ ಬಿರುದು ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಜೋಳ ತಿನ್ನುವವರು ತಾವು, ಹೊಟ್ಟು ತಿನ್ನುವವರು ನಾವು. ಏಳು ಮಂದಿ ಮನುಷ್ಯರಲ್ಲಿ ಒಬ್ಬಳಿಗೆ ಉಸಿರಿಲ್ಲ, ಎಪ್ಪತ್ತು ಇಲಿಗಳಲ್ಲಿ ಒಂದಕ್ಕೆ ಶೀತವೂ ಇಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಗಡ್ಡೆ ಬೇನೆಯ ಜೊತೆ ಚೇಷ್ಟೆ ಮಾಡುತ್ತಾನೆ ಮುದುಕ ಎಂದು ಚಾವಡಿಯಲ್ಲಿ ಯಾರಾದರೂ ಬಾಯಿ ತೆರೆದರೆ, ಅವರು ಮುಚ್ಚಿಕೊಳ್ಳಲಿ. ಬೇನೆ ಬಂದ ಮೊದಲ ವರ್ಷ ನನ್ನ ತಮ್ಮ ರಾಯಪ್ಪ ಮುಂಜಾನೆ ನೇಗಿಲು ಹೂಡಿದವನು ಮೂರನೆಯ ದಿನ ಸಂಜೆ ಹೋದ, ಅವನ ಹೆಂಡತಿ ಮರುವಾರ ಹೋದಳು. ಹೊರಲು ನಾಲ್ವರು ಸಿಗಲಿಲ್ಲ, ನಾನೂ ಪರಸಪ್ಪನೂ ಬಂಡಿಯಲ್ಲಿ ಒಯ್ದೆವು. ಆ ಬೇನೆಯನ್ನು ನಾನು ಕರೆಯುವವನಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಹೆಣ, ಅದೂ ಬೇನೆ ಇಲ್ಲದ ಹೆಣ. ತಮ್ಮಲ್ಲಿ ಯಾರಾದರೂ ಹಿರಿಯರು, ತುಂಬು ಬಾಳು ಬಾಳಿ, ಮಕ್ಕಳು ಮರಿಗಳನ್ನು ಕಂಡು, ಮುಪ್ಪಿನಿಂದ ಸಾಯುವಾಗ ಬಿಲದೊಳಗೆ ಸಾಯದೆ ನಾಲ್ಕು ಹೆಜ್ಜೆ ನಡೆದು ಅಂಗಳದ ನಟ್ಟನಡುವೆ, ಎಲ್ಲರಿಗೂ ಕಾಣುವಂತೆ ಅಂಗಾತ ಮಲಗಿ ಪ್ರಾಣ ಬಿಟ್ಟಿದ್ದರೆ ತಮ್ಮ ಗಂಟು ಏನು ಹೋಗುತ್ತಿತ್ತು? ಇಷ್ಟು ಸಣ್ಣ ಉಪಕಾರ ತಮ್ಮಿಂದ ಆಗಲಿಲ್ಲ.

ಆಗಲಿಲ್ಲವಾದ್ದರಿಂದ ನಾನೇ ಮಾಡಬೇಕಾಯಿತು. ಮಾರ್ಗಶಿರದ ಒಂದು ಸಂಜೆ ಮಾಳಿಗೆ ಹತ್ತಿ ಬೆಳಕಿಂಡಿಯ ಕಲ್ಲು ಸರಿಸಿದೆ. ಆರು ವರ್ಷದ ಹಿಂದೆ ಬೈದು ಓಡಿಸಿದ ಬೆಕ್ಕನ್ನು, ಈಗ ಅದರ ಮಗಳೋ ಮೊಮ್ಮಗಳೋ ಇರಬೇಕು, ಬಹಳ ಮರ್ಯಾದೆಯಿಂದ ಒಳಗೆ ಬಿಟ್ಟೆ. ಬೆಳಗಾಗುವುದರೊಳಗೆ ಅದು ಮಗ್ಗದ ಬುಡದಲ್ಲಿ ತಮ್ಮವರೊಬ್ಬರನ್ನು ಇಟ್ಟು ಹೋಗಿತ್ತು. ನಾನು ಅವರನ್ನು ಒಲೆಯ ಇಕ್ಕಳದಿಂದ ಎತ್ತಿ, ಅಂಗಳದಲ್ಲಿ ತಂದು ಮಲಗಿಸಿ, ಬಾಲ ನೆಟ್ಟಗೆ ಚಾಚಿಸಿದೆ. ಎದ್ದು ತಿರುಗಿದರೆ ಹೊಸ್ತಿಲ ಮೇಲೆ ಮಾಯವ್ವ ಕೂತಿದ್ದಾಳೆ, ಹೆಗಲು ಏರಿ ಇಳಿಯುತ್ತಿದೆ, ಕಣ್ಣು ಇಷ್ಟಗಲ. ನಾನು ಬಾಯಿಯ ಮೇಲೆ ಬೆರಳಿಟ್ಟೆ. ಆಕೆ ಗೋಣು ಹಾಕಿದಳು. ಆಕೆ ಯಾರಿಗೂ ಹೇಳುವುದಿಲ್ಲವೆಂಬ ಧೈರ್ಯ ನನಗಿತ್ತು. ಅಷ್ಟು ಉದ್ದದ ಸುದ್ದಿ ಹೇಳುವಷ್ಟು ಉಸಿರು ಆಕೆಯಲ್ಲಿರಲಿಲ್ಲ.

ಮುಂದೆ ಆದದ್ದಕ್ಕೆ ನಾನು ಜವಾಬುದಾರನಲ್ಲ. ನಾನು ಒಂದು ಮನೆಗೆ ಸಾಲುವಷ್ಟು ಇಲಿ ಇಟ್ಟಿದ್ದೆ. ಆದರೆ ಕೆಂಚವ್ವ ಕಸ ಹೊಡೆಯಲು ಬಂದವಳು, "ಇಲಿ ಬಿತ್ತೋ! ನಮ್ಮ ಅಂಗಳದಾಗ ಇಲಿ ಬಿತ್ತೋ!" ಎಂದು ಹೊಡೆದ ಕೂಗಿಗೆ ಓಣಿ ಎದ್ದಿತು, ಓಣಿಯ ಕೂಗಿಗೆ ಊರು ಎದ್ದಿತು. ಮಧ್ಯಾಹ್ನದೊಳಗೆ ಅರ್ಧ ಊರು ಹೊಲದಲ್ಲಿ. ಸಾಲಿ ಮಾಸ್ತರರು ಗಂಟೆಯನ್ನು ಹೆಗಲ ಮೇಲೆ ಹೊತ್ತು ಓಡುವಾಗ ಅದು ಬಾರಿಸುತ್ತಲೇ ಇತ್ತು, ಮಕ್ಕಳು ಸಾಲಿ ಬಿಟ್ಟಿತೆಂದು ಕುಣಿದವು. ಗೌಡರು ತಾಟಿನ ಮುಂದಿಂದ ಎದ್ದವರು ಕೈ ತೊಳೆದದ್ದು ಹೊಲದ ಬಾವಿಯಲ್ಲಿ. ಆದರೂ ಅವರು ಕಾಯಿದೆ ತಿಳಿದವರು. ಮೊದಲು ಬಿದ್ದ ಇಲಿಯನ್ನು ಸಾಹೇಬರಿಗೆ ತೋರಿಸಬೇಕೆಂದು ತಮ್ಮವರನ್ನು ಒಂದು ಗಡಿಗೆಯಲ್ಲಿ ಹಾಕಿಸಿ, ಮಾವಿನಕಾಯಿಗೆ ಹಾಕುವಂತೆ ಮೇಲೆ ಕೆಳಗೆ ಉಪ್ಪು ಹಾಕಿ ಬಾಯಿ ಕಟ್ಟಿಸಿ ಕಾದಿಟ್ಟರು.

ಎಂಟು ದಿನದ ಮೇಲೆ ಇಲಿ ಸಾಹೇಬರು ಕುದುರೆಯ ಮೇಲೆ ಬಂದರು. ತಾಲೂಕಿನಿಂದ ಬೇನೆಯ ತಪಾಸಕ್ಕೆ ಬರುವ ಅಧಿಕಾರಿಗೆ ನಮ್ಮ ಮಂದಿ ಇಟ್ಟ ಹೆಸರದು; ಹೆಸರಿಗೆ ತಾವು ಸಿಟ್ಟಾಗಬಾರದು, ಅವರು ಆಗಲಿಲ್ಲ. ಇಡೀ ಊರು ನಮ್ಮ ಹೊಲದ ಬೇವಿನ ಕೆಳಗೆ ನೆರೆಯಿತು. ಸಾಹೇಬರು ಗಡಿಗೆ ಬಿಚ್ಚಿಸಿ, ಕೋಲಿನಿಂದ ತಿರುವಿ ನೋಡಿ, ಮತ್ತೊಮ್ಮೆ ತಿರುವಿ ನೋಡಿ, "ಗೌಡ್ರ, ಇದರ ಕುತ್ತಿಗಿಗೆ ನಾಕ ಹಲ್ಲಿನ ತೂತ ಅದಾವು. ಪ್ಲೇಗಿಗೆ ಯಾವಾಗ ಹಲ್ಲು ಬಂದ್ವು?" ಎಂದು ಕೇಳಿದರು.

ಗೌಡರು ಗಡಿಗೆಯೊಳಗೆ ಬಗ್ಗಿ ನೋಡಿದರು. ನಾನು ಆಕಾಶ ನೋಡಿದೆ. ಆಗ ಮಂದಿಯ ಕಾಲ ಸಂದಿಯಿಂದ ಮುಂದೆ ನುಗ್ಗಿ ಬಂದು ನಿಂತವಳು ಯಾರೆಂದರೆ ಊರಿಗೆಲ್ಲ ಮೌನಿಯಾದ ನಮ್ಮ ಮಾಯವ್ವ. "ಅದು ತಾನಾಗೆ ಬಿದ್ದಿಲ್ರಿ ಸಾಹೇಬ್ರ, ನಮ್ಮಜ್ಜ ಬೆಳಕಿಂಡಿ ಕಲ್ಲು ಸರಿಸಿ ಬೆಕ್ಕು ಒಳಗ ಬಿಟ್ಟು, ಬೆಕ್ಕು ಕೊಂದ ಇಲಿನ್ನ ಒಲಿ ಇಕ್ಕಳದಾಗ ಹಿಡಕೊಂಡು ಬಂದು ಅಂಗಳದಾಗ ಮಲಗಿಸಿ, ಅದರ ಬಾಲಾ ನೆಟ್ಟಗ ಮಾಡಿ, ನಾ ನೋಡಿದ್ದಕ್ಕ ಬಾಯಿ ಮ್ಯಾಲ ಬೆರಳ ಇಟ್ಟು ಯಾರಿಗೂ ಹೇಳಬ್ಯಾಡ ಅಂದಾನ್ರಿ!"

ಒಂದೇ ಉಸಿರಿನಲ್ಲಿ. ನಡುವೆ ಒಮ್ಮೆಯೂ ನಿಲ್ಲದೆ. ಊರ ಮಂದಿಗೆ ಅದರಲ್ಲಿ ಕೇಳಿಸಿದ್ದು ನನ್ನ ಅಪರಾಧ. ನನಗೆ ಮಾತ್ರ ಅಪರಾಧ ಕೇಳಿಸಲೇ ಇಲ್ಲ. ಆಕೆ ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ನಿಲ್ಲುತ್ತಾಳೆ ಎಂದು ಕಾಯುತ್ತಿದ್ದೆ, ಆಕೆ ನಿಲ್ಲಲಿಲ್ಲ. ತಿರುಗಿ ಸತ್ತೆವ್ವನನ್ನು ನೋಡಿದೆ. ಆಕೆ ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು. ನಾಚಿಕೆಗೆಂದು ಮಂದಿ ತಿಳಿದರು.

ಅದೇ ಸಂಜೆ ಚಾವಡಿಯಲ್ಲಿ ಪಂಚಾಯ್ತಿ ಕೂತಿತು. ಗೌಡರು, "ಏ ಶೆಟ್ಟೆಪ್ಪಾ, ಮುದುಕ ಆಗಿ ಊರನ್ನ ಓಡಸ್ತೀ? ಎಂಟು ದಿನಾ ನನ್ನ ಬಯಲಾಗ ಮಲಗಿಸಿದೆಲ್ಲೋ! ಯುಗಾದಿ ತನಕಾ ಊರಾಗ ಕಾಲಿಡಬ್ಯಾಡ. ಹೊಲದಾಗ ಬಿದ್ದಿರು!" ಎಂದು ತೀರ್ಮಾನ ಕೊಟ್ಟರು. ನಾನು ತಲೆ ತಗ್ಗಿಸಿ ನಿಂತೆ. ಮುಖ ಎತ್ತಿದ್ದರೆ ನಗು ಕಂಡೀತೆಂಬ ಹೆದರಿಕೆಯಿತ್ತು. ಆದರೆ ಗೌಡರು ದಯಾವಂತರು, ಮನೆಯ ಉಳಿದವರು ಒಳಗೆ ಬರಬಹುದು ಎಂದು ಸೇರಿಸಿಬಿಟ್ಟರು. ನನ್ನ ನಗು ಅಲ್ಲಿಗೆ ನಿಂತಿತು. ಶಿಕ್ಷೆ ನನಗೆ, ಗಾಳಿ ನನಗೆ, ಮತ್ತು ಕೂಸು ಮರಳಿ ಆ ಗೂಡಿಗೆ.

ಆಗ ಕೆಂಚವ್ವ ಚಾವಡಿಯ ಮೆಟ್ಟಿಲ ಕೆಳಗಿನಿಂದಲೇ ಮಾತಾಡಿದಳು. "ನಮ್ಮನಿಯವರು ಸುಳ್ಳು ಮಾಡ್ಯಾರ, ಖರೆ ಐತ್ರಿ. ಆದ್ರ ಅವರನ್ನ ಹೊರಗ ಹಾಕಿ ನನ್ನ ಒಳಗ ಕರದ್ರ ನಾ ಯಾವ ಮುಖಾ ಇಟ್ಕೊಂಡು ಬರ್ಲ್ರಿ? ಮಂದಿ ಏನಂತಾರ? ಹೊರಗಂದ್ರ ಎಲ್ಲಾರೂ ಹೊರಗ." ಯಾವ ಮಂದಿಯ ಮಾತಿಗೆ ಹೆದರಿ ಆಕೆ ಇಷ್ಟು ದಿನ ಮನೆ ಬಿಡಲು ಒಲ್ಲೆನೆಂದಿದ್ದಳೋ, ಅದೇ ಮಂದಿಯ ಮಾತಿಗೆ ಹೆದರಿ ಈಗ ಮನೆಗೆ ಹೋಗಲು ಒಲ್ಲೆನೆಂದಳು. ಮಂದಿಯ ಬಾಯಿಯಿಂದ ಆದ ಒಳ್ಳೆಯ ಕೆಲಸ ನನ್ನ ಆಯುಷ್ಯದಲ್ಲಿ ಇದೊಂದೇ.

ಹಾಗೆ ಮೂರು ತಿಂಗಳು ಕಳೆದವು. ಮಾಯವ್ವ ಈಗ ಬಾವಿಯಿಂದ ಸಣ್ಣ ಕೊಡ ತರುತ್ತಾಳೆ, ಗುಡಿಸಲಿನ ಹಿಂದೆ ನಿಂತು ಅರ್ಧ ಹರದಾರಿ ದೂರದ ಅಪ್ಪನನ್ನು ಊಟಕ್ಕೆ ಕೂಗುತ್ತಾಳೆ. ಇನ್ನು ಹದಿನೈದು ದಿನಕ್ಕೆ ಯುಗಾದಿ. ಶಿಕ್ಷೆ ಮುಗಿಯುತ್ತದೆ, ನಾನು ಮರ್ಯಾದಸ್ಥನಾಗುತ್ತೇನೆ, ಮರ್ಯಾದಸ್ಥರು ಊರ ಮನೆಯಲ್ಲೇ ಇರಬೇಕಾಗುತ್ತದೆ. ಆದ್ದರಿಂದ ತಮ್ಮಲ್ಲಿ ನನ್ನ ಕೊನೆಯ ಪ್ರಾರ್ಥನೆ ಏನೆಂದರೆ, ಯುಗಾದಿಯ ಒಳಗಾಗಿ ತಮ್ಮವರೊಬ್ಬರು ಮೇಲೆ ವಿವರಿಸಿದ ಪ್ರಕಾರ ಮುಪ್ಪಿನಿಂದ, ಸ್ವಂತ ಇಚ್ಛೆಯಿಂದ, ಕುತ್ತಿಗೆಗೆ ಯಾವ ಹಲ್ಲೂ ತಾಗದಂತೆ, ಬೇನೆ ತಾರದೆ, ಬೇರೆಯವರ ಅಂಗಳಕ್ಕೆ ಹೋಗದೆ, ನಮ್ಮ ಅಂಗಳದಲ್ಲಿಯೇ, ನಾನು ಹೊಲದಲ್ಲಿದ್ದೆನೆಂದು ಸಾಕ್ಷಿ ಇರುವ ಹೊತ್ತಿನಲ್ಲಿ

ಇಲ್ಲಿಗೆ ಬರೆದಾಗ ಗೌಡರ ಆಳು ಬಂದ. ಪತ್ರ ಮೂರು ದಿನ ಹಾಗೆಯೇ ಉಳಿಯಿತು. ಈಗ ಮುಂದಿನದನ್ನು ಬರೆಯುತ್ತೇನೆ, ಮೇಲಿನ ಪ್ರಾರ್ಥನೆಯನ್ನು ತಾವು ಅರ್ಧಕ್ಕೇ ಬಿಡಬೇಕು.

ಆಳು ತಂದ ಸುದ್ದಿ ಏನೆಂದರೆ, ಗೌಡರ ಸಿಟ್ಟು ಇಳಿದಿದೆ, ಯುಗಾದಿಯ ತನಕ ಕಾಯುವುದು ಬೇಡ, ಮುದುಕನಿಗೆ ಮಾಫಿ ಆಗಿದೆ, ನಾಳೆಯೇ ಎಲ್ಲರೂ ಮನೆಗೆ ಬರಲಿ. ಇಷ್ಟು ಕ್ರೂರವಾದ ದಯೆಯನ್ನು ನಾನು ನೋಡಿರಲಿಲ್ಲ. ನಾನು ಉತ್ತರ ಹುಡುಕುವುದರೊಳಗೆ ಕೆಂಚವ್ವ ಎದ್ದು, "ಹೋಗಿ ಹೇಳಪ್ಪಾ, ನಾಳೆ ನಮ್ಮ ಬಂಡಿ ಊರಿಗೆ ಬರ್ತೈತಿ" ಎಂದಳು. ಮಾಯವ್ವ ಅಜ್ಜಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಹೆಗಲು ಆಗಲೇ ತುಸು ಮೇಲೆ ಏರಿತೆಂದು ನನಗೆ ಅನಿಸಿತು. ಬರೇ ಅನಿಸಿಕೆ ಇರಬೇಕು.

ಮರುದಿನ ಮುಂಜಾನೆ ಕೆಂಚವ್ವ ಪರಸಪ್ಪನನ್ನು ಕರೆದುಕೊಂಡು ಖಾಲಿ ಬಂಡಿ ಹೂಡಿಸಿಕೊಂಡು ಊರಿಗೆ ಹೋದಳು. ಖಾಲಿ ಬಂಡಿ ಏಕೆಂದು ನಾನು ಕೇಳಬೇಕಾಗಿತ್ತು, ಸಿಟ್ಟಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದೆ. ಎರಡು ತಾಸಿನ ಮೇಲೆ ಬಂಡಿ ತಿರುಗಿ ಬಂತು. ಎತ್ತುಗಳು ಬಾಗಿ ಎಳೆಯುತ್ತಿದ್ದವು, ಅಚ್ಚು ಕಿರಗುಟ್ಟುತ್ತಿತ್ತು. ಬಂಡಿಯಲ್ಲಿ ಏನಿತ್ತೆಂದರೆ ನಮ್ಮ ಬೀಸುಕಲ್ಲು, ಎರಡೂ ಕಲ್ಲು, ಬುಡದ ಮಣ್ಣಿನ ಸಮೇತ. ಅದರ ಹಿಂದೆ, ದಾರಿಯುದ್ದಕ್ಕೂ, ಗೌಡರ ಮನೆಯಿಂದ ಹಿಡಿದು ಓಣಿಯ ಹೆಂಗಸರೆಲ್ಲ ನಿಂತು ನೋಡಿದರಂತೆ. ಒಬ್ಬಳು ಕೇಳಿದಳಂತೆ, "ಯಾಕಬೇ ಕೆಂಚವ್ವಾ, ಮನಿ ಮುರಕೊಂಡ ಹೊಂಟೇನು?" ಎಂದು. ಇವಳು ಬಂಡಿ ನಿಲ್ಲಿಸದೆ ಹೇಳಿದಳಂತೆ: "ಮುರದಿಲ್ಲ, ಒಯ್ಯಾಕತ್ತೇನಿ. ಆ ಕೂಸು ನಿಂತ ಜಾಗಾದಾಗ ನಮ್ಮ ಮನಿ."

ಬೇವಿನ ಬುಡದಲ್ಲಿ ಕಲ್ಲು ಇಳಿಸಿ, ಕೂತು, ಎರಡು ಸೇರು ಜೋಳ ಬೀಸಿದ ಮೇಲೆಯೇ ಆಕೆ ನನ್ನ ಕಡೆ ನೋಡಿದ್ದು. "ಈಗ ಗೋಡೆ ಎಬ್ಬಸ್ರಿ. ಎಮ್ಮಿ ಬ್ಯಾರೆ, ಒಲಿ ಬ್ಯಾರೆ. ಉಣ್ಣಿ ಒಳಗ ತಂದ್ರ ಕೈ ಮುರೀತೇನಿ. ಕಿಟಕಿ ಎರಡು ಇಡ್ರಿ, ಎದರಾಬದರಾ. ಕಳ್ಳ ಬಂದ್ರ ಒಂದ್ರಾಗ ಬಂದು ಇನ್ನೊಂದ್ರಾಗ ಹೋಗ್ಲಿ, ನಮ್ಮಲ್ಲಿ ಏನೈತಿ ಒಯ್ಯಾಕ?" ಎಂದಳು. ಅರವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನಾನು ಎದುರು ಮಾತಾಡಲಿಲ್ಲ. ಆಕೆ ಬೀಸುವಾಗ ಹಾಡುವವಳು. ಅವತ್ತು ಎದುರಿಗೆ ಕೂತು ಗೂಟ ಹಿಡಿದ ಮಾಯವ್ವ ಹಾಡಿದಳು, ಅಜ್ಜಿಗೇ ದಮ್ಮು ಹತ್ತುವ ತನಕ.

ಆದ್ದರಿಂದ ಮಾನ್ಯರೇ, ಸಾಯಬೇಕೆಂದು ತಮ್ಮ ಮೇಲೆ ಹಾಕಿದ್ದ ಒತ್ತಾಯವನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ತಾವು ಬದುಕಿರಿ. ಎರಡು ಮೊಳ ದಪ್ಪದ ಗೋಡೆಯ, ಕಿಟಕಿಯಿಲ್ಲದ, ಕಳ್ಳನೂ ಗಾಳಿಯೂ ಹೊಗದ ಆ ಭದ್ರವಾದ ಮನೆಯನ್ನು ತಮ್ಮ ಬಳಗಕ್ಕೆ ಬಿಟ್ಟುಕೊಟ್ಟಿದ್ದೇನೆ, ನನಗಿಂತ ಶಾಣ್ಯಾ ಯಜಮಾನ ತಮ್ಮಲ್ಲಿ ಹುಟ್ಟದಿರಲಿ. ಕಣಜ ಮಾತ್ರ ನಾಳೆ ಖಾಲಿ ಮಾಡಿ ತರುತ್ತೇವೆ. ಬೆಳಕಿಂಡಿಯ ಕಲ್ಲನ್ನು ಪರಸಪ್ಪ ಕೆಳಗಿಳಿಸಿ ತಂದು ಇಲ್ಲಿ ಬಟ್ಟೆ ಒಗೆಯಲು ಹಾಕಿದ್ದಾನೆ, ಆ ಕಾರಣ ಬಾಜೂ ಮನೆಯ ಬೆಕ್ಕು ಆಗಾಗ ತಮ್ಮ ಯೋಗಕ್ಷೇಮ ವಿಚಾರಿಸಲು ಬಂದೀತು. ಅದರ ಹಲ್ಲಿನ ಗುರುತು ಸಾಹೇಬರಿಗೆ ಪರಿಚಯವಿದೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದ,
ಶೆಟ್ಟೆಪ್ಪ

ತಾಜಾ ಕಲಮು: ಇದನ್ನು ಓದುತ್ತಿರುವ ಮಾಸ್ತರರು ಇಲ್ಲಿ ಸ್ವಲ್ಪ ಧ್ವನಿ ಏರಿಸಬೇಕು, ಏಕೆಂದರೆ ಈ ಮಾತು ಇಲಿಗಳಿಗಲ್ಲ. ಗೌಡರ ಮೊಮ್ಮಗ ಹೊಲದಲ್ಲಿದ್ದ ಆ ಎಂಟು ದಿನ ಒಮ್ಮೆಯೂ ಕೆಮ್ಮಲಿಲ್ಲವೆಂದೂ, ಮನೆಗೆ ಹೋದ ವಾರದಿಂದ ಮತ್ತೆ ಗೋಡೆಗೆ ಆತು ಕೂರುತ್ತಾನೆಂದೂ, ಗೌಡರ ಮನೆಯಲ್ಲಿ ಕಿಟಕಿ ಇಟ್ಟರೆ ಮನೆತನಕ್ಕೆ ಕಡಿಮೆಯೆಂದು ಸುಮ್ಮನಿದ್ದಾರೆಂದೂ ಕೇಳಿದ್ದೇನೆ. ಗೌಡರ ಅಂಗಳದಲ್ಲಿಯೂ ಇಲಿ ಬೀಳಲು ಒಲ್ಲೆನೆಂದರೆ ನಾಚಿಕೊಳ್ಳುವ ಕಾರಣವಿಲ್ಲ. ಇಕ್ಕಳ ನಮ್ಮಲ್ಲಿದೆ, ತೊಳೆದು ಇಟ್ಟಿದ್ದೇನೆ. ಬೇಕಾದಾಗ ಆಳನ್ನು ಕಳಿಸಲಿ. ನಮ್ಮ ಮಾಯವ್ವನ ಕಣ್ಣಿಗೆ ಬೀಳದಂತೆ ಒಯ್ದರೆ ಸಾಕು, ಆಕೆಗೆ ಈಗ ಉಸಿರು ಬಹಳ ಇದೆ.